ಮೊದಲು ಪಟ್ಟಿ, ಆಮೇಲೆ ಎಡಿಟರ್: ವೆಬ್ ಅಪ್ಲಿಕೇಶನ್‌ನೊಳಗೆ ಎಚ್‌ಟಿಎಂಎಲ್ ತೋರಿಸುವ, ತಿದ್ದುವ ಬಗೆ

ವೆಬ್ ಅಪ್ಲಿಕೇಶನ್‌ನೊಳಗೆ ಬಳಕೆದಾರರೇ ಬರೆದು, ದಪ್ಪಕ್ಷರ ಮಾಡಿ, ಕೊಂಡಿ ಹಾಕಿ ಉಳಿಸುವಂಥ ಪುಟ ಬೇಕೆಂದ ಕೂಡಲೇ ಬಹುತೇಕ ಡೆವಲಪರ್‌ಗಳು ಯಾವ ಎಡಿಟರ್ ಹಾಕಬೇಕೆಂದು ಹುಡುಕಲು ಕೂರುತ್ತಾರೆ. ನಾನು ಆ ಪ್ರಶ್ನೆಯನ್ನು ಮುಂದಕ್ಕೆ ತಳ್ಳುತ್ತೇನೆ. ಮೊದಲು ಒಂದು ಹಾಳೆಯ ಮೇಲೆ, ಈ ಅಪ್ಲಿಕೇಶನ್‌ನಲ್ಲಿ ಎಚ್‌ಟಿಎಂಎಲ್‌ನ ಯಾವ ಟ್ಯಾಗ್‌ಗಳಿಗೆ (ಇದು ಪ್ಯಾರಾ, ಇದು ಕೊಂಡಿ ಎಂದು ಬ್ರೌಸರ್‌ಗೆ ತಿಳಿಸುವ ಗುರುತುಗಳಿಗೆ) ಜಾಗವಿದೆ ಎಂದು ಪಟ್ಟಿ ಬರೆಯುತ್ತೇನೆ. ತೋರಿಸುವುದು, ತಿದ್ದುವುದು, ಪೇಸ್ಟ್ ಮಾಡಿದ್ದನ್ನು ಸೋಸುವುದು, ಉಳಿಸುವುದು ಎಲ್ಲವೂ ಆ ಪಟ್ಟಿಯಿಂದಲೇ ಹುಟ್ಟಬೇಕು. ಪಟ್ಟಿಯಿಲ್ಲದೆ ಎಡಿಟರ್ ಹಾಕಿದವರ ಡೇಟಾಬೇಸ್ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಹೇಗಾಗಿರುತ್ತದೆ ಎಂಬುದನ್ನು ಬಲ್ಲೆ. ಅಂಥವನ್ನು ಶುಚಿ ಮಾಡಿಕೊಡುವುದೂ ನನ್ನ ಹೊಟ್ಟೆಪಾಡಿನ ಒಂದು ಭಾಗ.

ನನ್ನ ಗಿರಾಕಿಗಳಲ್ಲಿ ಹೆಚ್ಚಿನವರು ಕಲಬುರಗಿಯ ನೆಹರು ಗಂಜ್ ಮಾರುಕಟ್ಟೆಯ ಅಡತ್ (ದಲಾಲಿ) ಅಂಗಡಿಯವರು ಮತ್ತು ದಾಲ್ ಮಿಲ್‌ನವರು. ಅವರಿಗೆ ಬೇಕಾದದ್ದು ದೊಡ್ಡದೇನಲ್ಲ. ಅಂಗಡಿಯ ಗುಮಾಸ್ತರು ಬೆಳಿಗ್ಗೆ ಬ್ರೌಸರ್‌ನಲ್ಲಿ ಒಂದು ಪ್ರಕಟಣೆ ಬರೆಯುತ್ತಾರೆ: ಇಂದಿನ ತೊಗರಿ ಆವಕ ಹೇಗಿದೆ, ತೇವಾಂಶ ಎಷ್ಟರೊಳಗಿದ್ದರೆ ಒಳ್ಳೆಯ ಬೆಲೆ, ಗಂಜ್‌ಗೆ ಯಾವತ್ತು ರಜೆ. ಅದನ್ನು ಅಫಜಲಪುರ, ಜೇವರ್ಗಿ, ಚಿಂಚೋಳಿ ಕಡೆಯ ರೈತರು ಮೊಬೈಲ್‌ನಲ್ಲಿ ನೋಡುತ್ತಾರೆ. ಕೆಳಗೆ ಎರಡು ಸಾಲು ಉರ್ದು ಇರುತ್ತದೆ. ಅದೇ ಅಪ್ಲಿಕೇಶನ್‌ನಲ್ಲಿ ಹೊರಗಿನ ಖರೀದಿದಾರರಿಂದ, ಸಾಗಣೆ ಕಂಪನಿಗಳಿಂದ ಬಂದ ಇಮೇಲ್‌ಗಳನ್ನೂ ತೋರಿಸಬೇಕು. ಈ ಬರಹದ ಉದಾಹರಣೆಗಳೆಲ್ಲ ಇಲ್ಲಿಂದಲೇ ಬಂದವು. ಕೋಡ್‌ನ ಹೆಸರುಗಳನ್ನು ಉಚ್ಚಾರದಂತೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಅವುಗಳ ಮೂಲ ಕಾಗುಣಿತವನ್ನೇ ಬಳಸಿ.

ಹಿನ್ನೆಲೆ, ಎರಡೇ ಮಾತಿನಲ್ಲಿ

ಡೆಸ್ಕ್‌ಟಾಪ್ ತಂತ್ರಾಂಶದಂತೆ ವರ್ತಿಸುವ ವೆಬ್ ಅಪ್ಲಿಕೇಶನ್‌ಗೆ ‘ರಿಚ್ ಇಂಟರ್ನೆಟ್ ಅಪ್ಲಿಕೇಶನ್’ ಎಂಬ ಹೆಸರನ್ನು 2002ರಲ್ಲಿ ಚಾಲ್ತಿಗೆ ತಂದದ್ದು ಮ್ಯಾಕ್ರೋಮೀಡಿಯಾ. ಬ್ರೌಸರ್‌ನೊಳಗೆ ಅಂಥ ಅಪ್ಲಿಕೇಶನ್ ಓಡಿಸುತ್ತಿದ್ದ ಅಂದಿನ ಫ್ಲ್ಯಾಶ್ ಪ್ಲಗಿನ್‌ನ ಪಠ್ಯ ಪೆಟ್ಟಿಗೆಗೆ ಎಚ್‌ಟಿಎಂಎಲ್‌ನ ಬೆರಳೆಣಿಕೆಯ ಟ್ಯಾಗ್‌ಗಳು ಮಾತ್ರ ಅರ್ಥವಾಗುತ್ತಿದ್ದವು. ಕೋಷ್ಟಕ ಕೊಟ್ಟರೆ ಅದಕ್ಕೆ ಗೊತ್ತಿರಲಿಲ್ಲ. ಹಾಗಾಗಿ ಫ್ಲೆಕ್ಸ್‌ನಲ್ಲಿ (ಫ್ಲ್ಯಾಶ್ ಅಪ್ಲಿಕೇಶನ್ ಕಟ್ಟುವ ಸಲಕರಣೆಯಲ್ಲಿ) ಕೆಲಸ ಮಾಡುವವರು ಫ್ಲ್ಯಾಶ್ ಚಿತ್ರದ ಮೇಲೆಯೇ ಒಂದು ಐಫ್ರೇಮ್ (ಪುಟದೊಳಗೆ ಇನ್ನೊಂದು ಪುಟ ತೋರಿಸುವ ಚೌಕಟ್ಟು) ತೇಲಿಸಿ ಎಚ್‌ಟಿಎಂಎಲ್ ತೋರಿಸುತ್ತಿದ್ದರು. ಡ್ರಾಪ್‌ಡೌನ್ ಮೆನು ತೆರೆದರೆ ಅದು ಐಫ್ರೇಮ್‌ನ ಅಡಿಗೆ ಹೋಗಿ ಕೂರುತ್ತಿತ್ತು. 2008ರಲ್ಲಿ ಬಂದ ಅಡೋಬಿ ಏರ್ (ಇಂಥ ಅಪ್ಲಿಕೇಶನ್‌ಗಳನ್ನು ಬ್ರೌಸರ್‌ನ ಹೊರಗೆ ಓಡಿಸುವ ವೇದಿಕೆ) ತನ್ನೊಳಗೆ ಎಚ್‌ಟಿಎಂಎಲ್ ತೋರಿಸುವ ವೆಬ್‌ಕಿಟ್ ಎಂಜಿನ್ ಇಟ್ಟುಕೊಂಡಿದ್ದರಿಂದ ಸ್ವಲ್ಪ ಉಸಿರಾಡುವಂತಾಯಿತು. 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್‌ಗೆ ಬೆಂಬಲ ನಿಂತು ಆ ಅಧ್ಯಾಯ ಮುಗಿಯಿತು. ಈಗ ಇಡೀ ಅಪ್ಲಿಕೇಶನ್ ಬ್ರೌಸರ್‌ನ ಸ್ವಂತ ಎಚ್‌ಟಿಎಂಎಲ್‌ನಲ್ಲೇ ಇರುವುದರಿಂದ ಹೊಸ ತಲೆನೋವು ಶುರುವಾಗಿದೆ: ನಿಮ್ಮ ಪುಟದ ಎಚ್‌ಟಿಎಂಎಲ್ ಯಾವುದು, ಬೇರೆಯವರು ತಂದು ಹಾಕಿದ್ದು ಯಾವುದು ಎಂಬ ಗಡಿ ಅಳಿಸಿಹೋಗಿದೆ. ಆ ಗಡಿಯನ್ನು ನೀವೇ ಎಳೆಯಬೇಕು.

ಪಟ್ಟಿ

ಗಂಜ್‌ನ ಪ್ರಕಟಣೆಗೆ ನಾನು ಇಟ್ಟುಕೊಂಡ ಪಟ್ಟಿ ಇಷ್ಟೇ: ಪಿ (ಪ್ಯಾರಾ), ಬಿಆರ್ (ಹೊಸ ಸಾಲು), ಸ್ಟ್ರಾಂಗ್ (ದಪ್ಪಕ್ಷರ), ಎಚ್3 (ಶೀರ್ಷಿಕೆ), ಯುಎಲ್ (ಚುಕ್ಕೆಯ ಪಟ್ಟಿ), ಓಎಲ್ (ಅಂಕಿಯ ಪಟ್ಟಿ), ಎಲ್‌ಐ (ಪಟ್ಟಿಯ ಒಂದು ಸಾಲು) ಮತ್ತು ಎ (ಕೊಂಡಿ). ಆಟ್ರಿಬ್ಯೂಟ್‌ಗಳಲ್ಲಿ (ಟ್ಯಾಗ್‌ಗೆ ಸೇರಿಸುವ ವಿವರಗಳಲ್ಲಿ) ಎ ಟ್ಯಾಗ್‌ಗೆ ಎಚ್‌ರೆಫ್ (ವಿಳಾಸ), ಪಿ ಮತ್ತು ಎಲ್‌ಐಗೆ ಲ್ಯಾಂಗ್ (ಭಾಷೆ) ಹಾಗೂ ಡಿರ್ (ಬರಹದ ದಿಕ್ಕು). ಸ್ಟೈಲ್ ಇಲ್ಲ, ಕ್ಲಾಸ್ ಇಲ್ಲ, ಐಡಿ ಇಲ್ಲ, ಫಾಂಟ್ ಅಂತೂ ಇಲ್ಲವೇ ಇಲ್ಲ. ಎಚ್‌ರೆಫ್‌ನಲ್ಲಿ ಎಚ್‌ಟಿಟಿಪಿಎಸ್, ಟೆಲ್, ಮೇಲ್‌ಟು ಎಂಬ ಮೂರು ಬಗೆಯ ವಿಳಾಸಕ್ಕೆ ಮಾತ್ರ ಪ್ರವೇಶ. ‘ಜಾವಾಸ್ಕ್ರಿಪ್ಟ್’ ಎಂದು ಆರಂಭವಾಗುವ ವಿಳಾಸ ಒಳಗೆ ಬಂದರೆ ಆ ಕೊಂಡಿ ಒತ್ತಿದವರ ಲಾಗಿನ್ ಯಾರ ಕೈಗೆ ಹೋಗುತ್ತದೋ ಹೇಳಲಾಗದು.

ಕೋಷ್ಟಕ ಎಲ್ಲಿ ಎಂದು ಕೇಳುತ್ತೀರಿ. ಗಿರಾಕಿಗಳೂ ಅದನ್ನೇ ಮೊದಲು ಕೇಳುತ್ತಾರೆ. ಧಾರಣೆಯ ಕೋಷ್ಟಕವನ್ನು ಎಡಿಟರ್‌ನೊಳಗೆ ಕೈಯಾರೆ ಬರೆಯಲು ನಾನು ಬಿಡುವುದಿಲ್ಲ. ತೊಗರಿಯ ಕನಿಷ್ಠ, ಗರಿಷ್ಠ, ಮಾದರಿ (ಹೆಚ್ಚಿನ ಮಾಲು ಮಾರಾಟವಾದ) ದರಗಳು ಸಂಖ್ಯೆಗಳು. ಅವು ಸಂಖ್ಯೆಯಾಗಿಯೇ ಡೇಟಾಬೇಸ್‌ನ ಕಂಬಗಳಲ್ಲಿ (ಕಾಲಂಗಳಲ್ಲಿ) ಕೂರಬೇಕು. ಇಲ್ಲದಿದ್ದರೆ ಮುಂದಿನ ತಿಂಗಳು “ಹೋದ ವಾರದ ಸರಾಸರಿ ತೋರಿಸಿ” ಎಂದಾಗ ಎಚ್‌ಟಿಎಂಎಲ್‌ನ ಹೊಟ್ಟೆ ಸೀಳಿ ಅಂಕಿ ಹುಡುಕಬೇಕಾಗುತ್ತದೆ. ಆದ್ದರಿಂದ ದರಗಳಿಗೆ ಬೇರೆಯೇ ಫಾರ್ಮ್ ಮಾಡುತ್ತೇನೆ. ಪ್ರಕಟಣೆಯೊಳಗೆ “ಇಲ್ಲಿ ಇಂದಿನ ಧಾರಣೆ” ಎಂಬ ಒಂದು ಗುರುತು ಮಾತ್ರ ಇರುತ್ತದೆ. ಎಡಿಟರ್‌ನಲ್ಲಿ ಅದು ಒಂದು ಇಡೀ ತುಂಡು. ಎತ್ತಿ ಮೇಲೆ ಕೆಳಗೆ ಇಡಬಹುದು, ಅಳಿಸಬಹುದು, ಒಳಹೊಕ್ಕು ತಿದ್ದಲಾಗದು. ತೋರಿಸುವಾಗ ಅಪ್ಲಿಕೇಶನ್ ಆ ಜಾಗದಲ್ಲಿ ಕೋಷ್ಟಕ ಕಟ್ಟುತ್ತದೆ. ಫೋಟೊಗಳಿಗೂ ಇದೇ ಕ್ರಮ.

ತೋರಿಸುವುದು

ಯಾವುದೇ ಪಠ್ಯ ನಿಮ್ಮ ಪುಟಕ್ಕೆ ಬಂದಾಗ ಅದು ಮೂರರಲ್ಲಿ ಯಾವ ಬಗೆಯದು ಎಂದು ನೋಡಿ. ರೈತರ ಹೆಸರು, ಲಾರಿ ನಂಬರ್, ಒಂದು ಸಾಲಿನ ಷರಾ ಇವೆಲ್ಲ ಬರಿಯ ಅಕ್ಷರಗಳು. ಟೆಕ್ಸ್ಟ್‌ಕಂಟೆಂಟ್ ಬಳಸಿ ಹಾಕಿದರೆ ಮುಗಿಯಿತು, ಬ್ರೌಸರ್ ಅವನ್ನು ಎಚ್‌ಟಿಎಂಎಲ್ ಎಂದು ಓದುವುದೇ ಇಲ್ಲ.

ಎರಡನೆಯದು ನಿಮ್ಮದೇ ಎಡಿಟರ್‌ನಲ್ಲಿ ಬರೆದ ಪ್ರಕಟಣೆ. ಇದನ್ನು ಇನ್ನರ್‌ಎಚ್‌ಟಿಎಂಎಲ್ ಮೂಲಕ ಹಾಕಲೇಬೇಕಾಗುತ್ತದೆ, ಆದರೆ ಸೋಸಿದ ಮೇಲೆ. ಇನ್ನರ್‌ಎಚ್‌ಟಿಎಂಎಲ್‌ನಿಂದ ಸೇರಿಸಿದ ಸ್ಕ್ರಿಪ್ಟ್ ಟ್ಯಾಗ್ ಓಡುವುದಿಲ್ಲ, ಹಾಗಾಗಿ ಭಯವಿಲ್ಲ ಎಂದು ಹೇಳುವವರಿದ್ದಾರೆ. ಮೊದಲರ್ಧ ನಿಜ. ಆದರೆ ಇಲ್ಲದ ಚಿತ್ರದ ವಿಳಾಸ ಕೊಟ್ಟ ಒಂದು ಇಮೇಜ್ ಟ್ಯಾಗ್‌ನಲ್ಲಿ ಆನ್‌ಎರರ್ ಎಂದು ಬರೆದು ಅದರೊಳಗೆ ಕೋಡ್ ಇಟ್ಟರೆ ಅದು ಸಲೀಸಾಗಿ ಓಡುತ್ತದೆ. ಸೋಸಲು ರೆಗ್ಯುಲರ್ ಎಕ್ಸ್‌ಪ್ರೆಶನ್ (ಪಠ್ಯದಲ್ಲಿ ಒಂದು ಮಾದರಿಯನ್ನು ಹುಡುಕುವ ಸೂತ್ರ) ಬರೆಯಲು ಹೋಗಬೇಡಿ. ಕ್ಯೂರ್53 ತಂಡದ ಡಾಮ್‌ಪ್ಯೂರಿಫೈ ಎಂಬ ಮುಕ್ತ ಲೈಬ್ರರಿ ಇದೆ. ಅನುಮತಿಸಿದ ಟ್ಯಾಗ್ ಮತ್ತು ಆಟ್ರಿಬ್ಯೂಟ್‌ಗಳ ಪಟ್ಟಿಯನ್ನು ಅದಕ್ಕೆ ನೇರವಾಗಿ ಕೊಡಬಹುದು. ಮೇಲೆ ಹಾಳೆಯಲ್ಲಿ ಬರೆದ ಪಟ್ಟಿ ಮೊದಲು ಕೆಲಸಕ್ಕೆ ಬರುವುದು ಇಲ್ಲಿಯೇ.

ಕೆಟ್ಟದ್ದನ್ನು ಹುಡುಕಿ ತೆಗೆಯುವ ದಾರಿ ಏಕೆ ಬೇಡ ಎಂಬುದಕ್ಕೆ ಮೈಸ್ಪೇಸ್ ಎಂಬ ಸಾಮಾಜಿಕ ಜಾಲತಾಣದ ಪ್ರಸಂಗ ಸಾಕು. 2005ರ ಅಕ್ಟೋಬರ್‌ನಲ್ಲಿ ಸ್ಯಾಮಿ ಕಾಮ್ಕರ್ ಎಂಬ ಯುವಕ ತನ್ನ ಪ್ರೊಫೈಲ್‌ನಲ್ಲಿ ಸೇರಿಸಿದ ಕೋಡ್ ಒಂದು ದಿನ ತುಂಬುವುದರೊಳಗೆ ಹತ್ತು ಲಕ್ಷಕ್ಕೂ ಹೆಚ್ಚು ಜನರನ್ನು ಅವನ ಗೆಳೆಯರ ಪಟ್ಟಿಗೆ ಸೇರಿಸಿಬಿಟ್ಟಿತು. ಮೈಸ್ಪೇಸ್ ‘ಜಾವಾಸ್ಕ್ರಿಪ್ಟ್’ ಎಂಬ ಪದವನ್ನು ಹುಡುಕಿ ಕಿತ್ತುಹಾಕುತ್ತಿತ್ತು. ಆತ ಆ ಪದವನ್ನೇ ನಡುವೆ ಒಡೆದು ಎರಡು ಸಾಲಿನಲ್ಲಿ ಬರೆದ. ಶೋಧಕಕ್ಕೆ ಅದು ಕಾಣಲಿಲ್ಲ, ಕೆಲವು ಬ್ರೌಸರ್‌ಗಳಿಗೆ ಕಂಡಿತು. ಗಂಜ್‌ನ ಗೇಟಿನಲ್ಲಿ ಕಳ್ಳರ ಫೋಟೊ ಅಂಟಿಸಿ ಕಾಯುವುದಕ್ಕಿಂತ, ಒಳಗೆ ಬಿಡಬೇಕಾದ ಲಾರಿಗಳ ನಂಬರ್ ಬರೆದಿಟ್ಟುಕೊಳ್ಳುವುದು ಸುಲಭ.

ಸರ್ವರ್‌ನಲ್ಲಿ ಉಳಿಸುವಾಗ ಒಮ್ಮೆ, ಬ್ರೌಸರ್‌ನಲ್ಲಿ ತೋರಿಸುವ ಮುನ್ನ ಇನ್ನೊಮ್ಮೆ ಸೋಸಿ. ಎರಡೂ ಬೇಕೇ ಎಂದರೆ ಬೇಕು. ಪಟ್ಟಿ ಮುಂದೊಂದು ದಿನ ಬದಲಾಗುತ್ತದೆ, ಹಳೆಯ ದಾಖಲೆಗಳು ಹಳೆಯ ಪಟ್ಟಿಯ ಪ್ರಕಾರವೇ ಡೇಟಾಬೇಸ್‌ನಲ್ಲಿ ಬಿದ್ದಿರುತ್ತವೆ. ಸೋಸಿದ ಮೇಲೆ ಮತ್ತೆ ಆ ಪಠ್ಯದಲ್ಲಿ ಅದು ಬದಲಿಸು, ಇದು ಸೇರಿಸು ಎಂದು ಕೈಯಾಡಿಸಬೇಡಿ. ಶುದ್ಧವಾಗಿದ್ದ ಪಠ್ಯ ಅಲ್ಲಿಯೇ ಮತ್ತೆ ಕೆಡುವುದುಂಟು.

ಮೂರನೆಯದು ಹೊರಗಿನಿಂದ ಬಂದ ಇಡೀ ಎಚ್‌ಟಿಎಂಎಲ್. ಇಮೇಲ್‌ಗಳು ಈ ಜಾತಿಯವು. ಅವುಗಳಲ್ಲಿ ಕೋಷ್ಟಕದೊಳಗೆ ಕೋಷ್ಟಕ, ಸ್ವಂತ ಸ್ಟೈಲ್‌ಶೀಟ್, ದೂರದ ಚಿತ್ರ ಎಲ್ಲ ಇರುತ್ತವೆ. ಇವನ್ನು ನಿಮ್ಮ ಪುಟಕ್ಕೆ ಬೆರೆಸಿದರೆ ಅದರ ಸ್ಟೈಲ್ ನಿಮ್ಮ ಬಟನ್‌ಗಳ ಬಣ್ಣವನ್ನೂ ಬದಲಿಸುತ್ತದೆ. ಐಫ್ರೇಮ್ ಮಾಡಿ, ಎಸ್‌ಆರ್‌ಸಿಡಾಕ್ ಆಟ್ರಿಬ್ಯೂಟ್‌ನಲ್ಲಿ ಪಠ್ಯ ಇಟ್ಟು, ಸ್ಯಾಂಡ್‌ಬಾಕ್ಸ್ ಹಾಕಿ. ಸ್ಯಾಂಡ್‌ಬಾಕ್ಸ್ ಎಂಬ ಆಟ್ರಿಬ್ಯೂಟ್‌ನ ಮುಂದೆ ಏನೂ ಬರೆಯದೆ ಖಾಲಿ ಬಿಟ್ಟರೆ ಎಲ್ಲ ಬಾಗಿಲೂ ಮುಚ್ಚುತ್ತದೆ: ಸ್ಕ್ರಿಪ್ಟ್ ಇಲ್ಲ, ಫಾರ್ಮ್ ಕಳಿಸುವಂತಿಲ್ಲ, ಹೊಸ ಕಿಟಕಿ ತೆರೆಯುವಂತಿಲ್ಲ.

ಆಗ ಎದುರಾಗುವುದು ಎತ್ತರದ ಸಮಸ್ಯೆ. ಎಲ್ಲ ಮುಚ್ಚಿದ ಐಫ್ರೇಮ್‌ನೊಳಗೆ ಇಣುಕಿ ಎಷ್ಟು ಉದ್ದವಿದೆ ಎಂದು ಅಳೆಯಲು ನಿಮ್ಮ ಪುಟಕ್ಕೂ ಆಗುವುದಿಲ್ಲ. ಪರಿಣಾಮವಾಗಿ ಪುಟದೊಳಗೆ ಇನ್ನೊಂದು ಸ್ಕ್ರಾಲ್‌ಬಾರ್ ಮೂಡಿ, ಮೊಬೈಲ್‌ನಲ್ಲಿ ಬೆರಳು ಎಲ್ಲಿಟ್ಟರೆ ಏನು ಸರಿಯುತ್ತದೆಂದು ತಿಳಿಯದ ಹಾಗೆ ಆಗುತ್ತದೆ. ನಾನು ಸ್ಯಾಂಡ್‌ಬಾಕ್ಸ್‌ಗೆ ಅಲೌ-ಸೇಮ್-ಒರಿಜಿನ್ ಎಂಬ ಅನುಮತಿಯೊಂದನ್ನು ಮಾತ್ರ ಕೊಡುತ್ತೇನೆ. ಸ್ಕ್ರಿಪ್ಟ್ ಮುಚ್ಚಿಯೇ ಇರುವುದರಿಂದ ಒಳಗಿನ ಪಠ್ಯ ಏನೂ ಮಾಡಲಾರದು, ಹೊರಗಿನ ನನ್ನ ಕೋಡ್ ಮಾತ್ರ ಒಳಗಿನ ಎತ್ತರ ಓದಬಲ್ಲದು. ಚಿತ್ರಗಳು ತಡವಾಗಿ ಬಂದು ಎತ್ತರ ಬದಲಾದರೆ ರಿಸೈಜ್‌ಅಬ್ಸರ್ವರ್ ಅದನ್ನು ತಿಳಿಸುತ್ತದೆ. ಇದರ ಜೊತೆಗೆ ಅಲೌ-ಸ್ಕ್ರಿಪ್ಟ್ಸ್ ಅನ್ನು ಮಾತ್ರ ಎಂದಿಗೂ ಸೇರಿಸಬೇಡಿ. ಎರಡೂ ಒಟ್ಟಿಗಿದ್ದರೆ ಒಳಗಿನ ಸ್ಕ್ರಿಪ್ಟ್ ಹೊರಗೆ ಕೈಚಾಚಿ ಸ್ಯಾಂಡ್‌ಬಾಕ್ಸನ್ನೇ ಕಿತ್ತುಹಾಕಬಲ್ಲದು.

ಶ್ಯಾಡೋ ಡಾಮ್ ಬಗ್ಗೆ ಕೇಳುವವರಿಗೆ ಒಂದು ಮಾತು. ಡಾಮ್ ಎಂದರೆ ಬ್ರೌಸರ್ ತನ್ನೊಳಗೆ ಕಟ್ಟಿಕೊಳ್ಳುವ ಪುಟದ ರಚನೆ, ಶ್ಯಾಡೋ ಡಾಮ್ ಅದರಲ್ಲಿ ಮರೆಯಾಗಿಟ್ಟ ಒಂದು ಭಾಗ. ಅದು ಸ್ಟೈಲ್‌ಗಳನ್ನು ಬೇರ್ಪಡಿಸುತ್ತದೆ, ಅಷ್ಟೇ. ಸ್ಕ್ರಿಪ್ಟ್‌ಗೆ ಅದು ತಡೆಗೋಡೆಯಾಗದು.

ತಿದ್ದುವುದು

ಬ್ರೌಸರ್‌ನಲ್ಲಿ ಯಾವುದೇ ಎಲಿಮೆಂಟ್‌ಗೆ ಕಂಟೆಂಟ್‌ಎಡಿಟಬಲ್ ಎಂದು ಹಾಕಿದರೆ ಅದರೊಳಗೆ ಕರ್ಸರ್ ಬಂದು ನಿಲ್ಲುತ್ತದೆ. 2000ದಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 5.5ರ ಜೊತೆ ಬಂದ ಸೌಲಭ್ಯವಿದು. ಪ್ರಾತ್ಯಕ್ಷಿಕೆಗೆ ಇದು ಸೊಗಸು. ಬರಿಯ ಇದನ್ನೇ ನಂಬಿ ಗಿರಾಕಿಗೆ ಕೊಟ್ಟರೆ ಮಾತ್ರ ಎಂಟರ್ ಒತ್ತಿದಾಗ ಒಂದು ಬ್ರೌಸರ್ ಡಿವ್ ಹುಟ್ಟಿಸುತ್ತದೆ, ಇನ್ನೊಂದು ಬೇರೇನನ್ನೋ ಹುಟ್ಟಿಸುತ್ತದೆ. ದಪ್ಪಕ್ಷರ ಮಾಡಲು ಇದ್ದ ಎಕ್ಸೆಕ್‌ಕಮಾಂಡ್ ಇನ್ನೂ ಓಡುತ್ತದಾದರೂ ಅದನ್ನು ಬಳಕೆಯಿಂದ ಹೊರಗಿಡಲಾಗಿದೆ. ಹೊಸ ಕೆಲಸವನ್ನು ಅದರ ಮೇಲೆ ಕಟ್ಟಬೇಡಿ.

ಸಿದ್ಧ ಎಡಿಟರ್‌ಗಳಲ್ಲಿ ಎರಡು ಮನೆತನಗಳಿವೆ. ಟೈನಿಎಂಸಿಇ, ಸಿಕೆಎಡಿಟರ್ ಮೊದಲಾದವು ಎಚ್‌ಟಿಎಂಎಲ್ ಪಡೆದು ಎಚ್‌ಟಿಎಂಎಲ್ಲನ್ನೇ ಮರಳಿಸುತ್ತವೆ. ಬಟನ್‌ಗಳ ಸಾಲೇ ಸಾಲು. ಹಳೆಯ ದಾಖಲೆಗಳನ್ನು ತಿದ್ದುವ ಕೆಲಸಕ್ಕೆ ಇವು ಒಳ್ಳೆಯವು. ಪರವಾನಗಿ ಓದಿ ಹಾಕಿ, ಜಿಪಿಎಲ್ ಎಂಬ ಮುಕ್ತ ಪರವಾನಗಿಯ ಶರತ್ತುಗಳು ನಿಮ್ಮ ಗಿರಾಕಿಗೆ ಒಪ್ಪುತ್ತವೆಯೇ ನೋಡಿ. ಇನ್ನೊಂದು ಮನೆತನ ಪ್ರೋಸ್‌ಮಿರರ್‌ನದು, ಅದರ ಮೇಲೆ ಕಟ್ಟಿದ ಟಿಪ್‌ಟ್ಯಾಪ್‌ನದು. ಇಲ್ಲಿ ದಾಖಲೆಯಲ್ಲಿ ಏನೇನು ಇರಬಹುದು ಎಂಬ ಸ್ಕೀಮಾವನ್ನು ಮೊದಲೇ ಬರೆಯಬೇಕು. ಸ್ಕೀಮಾದಲ್ಲಿಲ್ಲದ್ದು ದಾಖಲೆಗೆ ಸೇರುವುದೇ ಇಲ್ಲ. ಹಾಳೆಯ ಮೇಲಿನ ಪಟ್ಟಿಯನ್ನೇ ಸ್ಕೀಮಾ ಮಾಡಿದರೆ ಎಡಿಟರ್ ಮತ್ತು ಸೋಸುವಿಕೆ ಒಂದೇ ಮಾತನಾಡುತ್ತವೆ. ಧಾರಣೆಯ ಗುರುತಿನಂಥ ಒಡೆಯದ ತುಂಡನ್ನೂ ಇಲ್ಲಿ ಸಲೀಸಾಗಿ ಮಾಡಬಹುದು. ನನ್ನ ಒಲವು ಇದರ ಕಡೆಗೇ. ಯಾವುದನ್ನೇ ಹಾಕಿದರೂ ಎಡಿಟರ್‌ನ ಒಳಗಿನ ಡಾಮ್ ಎಡಿಟರ್‌ನ ಸ್ವತ್ತು. ಪುಟ ಕಟ್ಟುವ ರಿಯಾಕ್ಟ್, ವ್ಯೂನಂಥ ಚೌಕಟ್ಟುಗಳಿಂದ ಅದನ್ನು ಮತ್ತೆ ಮತ್ತೆ ಚಿತ್ರಿಸಹೊರಟರೆ ಪ್ರತಿ ಅಕ್ಷರಕ್ಕೂ ಕರ್ಸರ್ ಸಾಲಿನ ಮೊದಲಿಗೆ ಓಡುತ್ತದೆ.

ಟೂಲ್‌ಬಾರ್‌ನಲ್ಲಿ ದಪ್ಪ, ಶೀರ್ಷಿಕೆ, ಎರಡು ಬಗೆಯ ಪಟ್ಟಿ, ಕೊಂಡಿ, ಧಾರಣೆ, ಹಿಂದಕ್ಕೆ, ಮುಂದಕ್ಕೆ. ಬಣ್ಣದ ಬಟನ್ ಕೊಟ್ಟರೆ ಪ್ರಕಟಣೆ ಜಾತ್ರೆಯ ಬ್ಯಾನರ್ ಆಗುತ್ತದೆ. ಇಟಾಲಿಕ್ ಕೂಡ ತೆಗೆದಿದ್ದೇನೆ. ಕನ್ನಡದ ಬಹುತೇಕ ಫಾಂಟ್‌ಗಳಲ್ಲಿ ಓರೆ ಅಕ್ಷರವೆಂಬುದೇ ಇಲ್ಲ, ಬ್ರೌಸರ್ ಇದ್ದ ಅಕ್ಷರವನ್ನೇ ಬಲಕ್ಕೆ ತಳ್ಳಿ ಓರೆ ಮಾಡುತ್ತದೆ. ಕೊಂಬು, ಒತ್ತಕ್ಷರಗಳು ಪಕ್ಕದ ಅಕ್ಷರದ ಮೇಲೆ ವಾಲುತ್ತವೆ.

ಕನ್ನಡ ಟೈಪ್ ಮಾಡುವಾಗ

ಇಂಗ್ಲಿಷ್‌ನಲ್ಲಿ ಪರೀಕ್ಷಿಸಿ ಸರಿಯಿದೆ ಎಂದ ಎಡಿಟರ್ ಕನ್ನಡದಲ್ಲಿ ಮುಗ್ಗರಿಸುವುದು ಬಹುಮಟ್ಟಿಗೆ ಇಲ್ಲಿ. ಮೊಬೈಲ್‌ನಲ್ಲಿ ಲಿಪ್ಯಂತರ ಕೀಲಿಮಣೆ ಬಳಸುವವರು ಒಂದು ಪದ ಬರೆಯುತ್ತಿರುವಾಗ ಅದು ಇನ್ನೂ ಅರೆಬೆಂದ ಸ್ಥಿತಿಯಲ್ಲಿರುತ್ತದೆ. ಬ್ರೌಸರ್ ಆ ಅವಧಿಯನ್ನು ಕಾಂಪೊಸಿಷನ್‌ಸ್ಟಾರ್ಟ್ ಮತ್ತು ಕಾಂಪೊಸಿಷನ್‌ಎಂಡ್ ಎಂಬ ಎರಡು ಘಟನೆಗಳ ನಡುವೆ ಇಡುತ್ತದೆ. ಆ ನಡುವೆ ನಿಮ್ಮ ಕೋಡ್ ಡಾಮ್ ಮುಟ್ಟಿದರೆ ‘ತೊಗರಿ’ ಎಂಬುದು ‘ತೊತೊಗರಿ’ ಆಗಿ ಕೂರುತ್ತದೆ, ಇಲ್ಲವೇ ಅರ್ಧ ಪದ ಮಾಯವಾಗುತ್ತದೆ. ತಾನಾಗಿ ಉಳಿಸುವುದು, ಕಾಗುಣಿತ ಪರೀಕ್ಷೆ, ಅಕ್ಷರ ಎಣಿಕೆ ಎಲ್ಲವೂ ಕಾಂಪೊಸಿಷನ್ ಮುಗಿಯುವವರೆಗೆ ಕಾಯಲಿ. ಕೀಡೌನ್ ಘಟನೆ ನೋಡಿ ಯಾವ ಕೀ ಒತ್ತಿದರೆಂದು ತಿಳಿಯುವ ಆಸೆಯನ್ನೂ ಬಿಡಿ. ಆಂಡ್ರಾಯ್ಡ್ ಕೀಲಿಮಣೆಗಳು ಹೆಚ್ಚಿನ ಸಲ 229 ಎಂಬ ಒಂದೇ ಸಂಖ್ಯೆ ಕಳಿಸಿ ಸುಮ್ಮನಾಗುತ್ತವೆ. ಬಿಫೋರ್‌ಇನ್‌ಪುಟ್ ಘಟನೆಯ ಇನ್‌ಪುಟ್‌ಟೈಪ್ ನೋಡುವುದು ಮೇಲು.

ಅಕ್ಷರ ಮಿತಿ ಇಡುವವರು ಇದನ್ನು ಗಮನಿಸಿ: ‘ಸ್ತ್ರೀ’ ಎಂಬುದು ನಮ್ಮ ಕಣ್ಣಿಗೆ ಒಂದು ಅಕ್ಷರ, ಜಾವಾಸ್ಕ್ರಿಪ್ಟ್‌ನ ಲೆಂಗ್ತ್‌ಗೆ 6, ಯುಟಿಎಫ್-8ರಲ್ಲಿ 18 ಬೈಟ್. “ಇನ್ನೂ 40 ಅಕ್ಷರ ಬರೆಯಬಹುದು” ಎಂದು ತೋರಿಸಿ ಎಂಟು ಪದಕ್ಕೆ ಬಾಗಿಲು ಹಾಕಿದರೆ ಬರೆಯುವವರಿಗೆ ಸಿಟ್ಟು ಬರುವುದು ಸಹಜ.

ನುಡಿ ಫಾಂಟ್‌ನಲ್ಲಿ ಬಂದ ಪಠ್ಯ

ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಕಚೇರಿಗಳಿಗೆ, ಡಿಟಿಪಿ ಅಂಗಡಿಗಳಿಗೆ ಕೆಲಸ ಮಾಡುವವರು ಈ ಭಾಗವನ್ನು ಬಿಡದೆ ಓದಿ. ಗುಮಾಸ್ತರು ಪ್ರಕಟಣೆಯನ್ನು ವರ್ಡ್‌ನಲ್ಲಿ ನುಡಿ ಅಥವಾ ಬರಹ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿ ತಂದು ಪೇಸ್ಟ್ ಮಾಡುತ್ತಾರೆ. ಆ ಫಾಂಟ್‌ಗಳಲ್ಲಿ ಒಳಗೆ ಇರುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತಗಳೇ. ಮೇಲೆ ಕನ್ನಡದ ಆಕಾರ ತೊಡಿಸಲಾಗಿರುತ್ತದೆ. ಫಾಂಟ್ ಇರುವವರೆಗೆ ಕನ್ನಡ, ಫಾಂಟ್ ಹೋದರೆ ಗೋಜಲು. ಉದಾಹರಣೆಗೆ ನುಡಿಯಲ್ಲಿ ‘ನ’ ಬರೆದ ಜಾಗದಲ್ಲಿ ಒಳಗಿರುವುದು ಬ್ರಿಟನ್ನಿನ ಪೌಂಡ್ ಚಿಹ್ನೆ, ಅದರ ಬೆನ್ನಿಗೆ ತಲೆಯ ಮೇಲೆ ಓರೆಗೆರೆ ಹೊತ್ತ ಎ ಅಕ್ಷರ.

ಬೇರೊಬ್ಬರು ಮಾಡಿಕೊಟ್ಟಿದ್ದ ಅಪ್ಲಿಕೇಶನ್‌ನಲ್ಲಿ ಇದೇ ಆಗಿ, ಒಬ್ಬ ಹಿರಿಯ ಗುಮಾಸ್ತರು ನನ್ನನ್ನು ಕರೆಸಿದ್ದರು. ಪರದೆಯ ಮೇಲೆ ಬೆರಳಿಟ್ಟು, “ತಮ್ಮಾ, ನಾವು ತೊಗರಿ ಮಾರುವುದು ರೂಪಾಯಿಗೆ. ಈ ಕಂಪ್ಯೂಟರ್ ಪೌಂಡಿನಲ್ಲಿ ಲೆಕ್ಕ ಬರೆದಿದೆಯಲ್ಲ?” ಎಂದರು.

“ಇಲ್ಲ ಕಾಕಾ, ಅವೆಲ್ಲ ನೀವು ಬರೆದ ‘ನ’ಗಳು” ಎಂದೆ. ಅವರು ಕನ್ನಡಕ ಏರಿಸಿ ಒಂದೊಂದೇ ಪೌಂಡ್ ಎಣಿಸತೊಡಗಿದರು. “ಹೌದು, ನಮ್ಮಲ್ಲಿ, ನಗದು, ದಿನ… ಸರಿಯಿದೆ” ಎಂದು ಒಪ್ಪಿಕೊಂಡರು.

ಅಲ್ಲಿ ಆದದ್ದೇನು ಎಂದು ನೋಡಿ. ಪೇಸ್ಟ್ ಆದ ಕೂಡಲೇ ಸೋಸುವ ಕೋಡ್ ತನ್ನ ಕರ್ತವ್ಯವನ್ನು ನಿಷ್ಠೆಯಿಂದ ಮಾಡಿ ಸ್ಟೈಲ್, ಫಾಂಟ್ ಎಲ್ಲ ತೆಗೆದಿತ್ತು. ಆ ಪಠ್ಯ ನುಡಿಯದು ಎಂಬುದಕ್ಕೆ ಇದ್ದ ಒಂದೇ ಸಾಕ್ಷಿ ಫಾಂಟ್‌ನ ಹೆಸರು. ಅದೂ ಅದರೊಂದಿಗೇ ಹೋಯಿತು. ಹಾಗಾಗಿ ಕ್ರಮ ಹೀಗಿರಬೇಕು. ಪೇಸ್ಟ್ ಘಟನೆಯನ್ನು ಹಿಡಿಯಿರಿ, ಕ್ಲಿಪ್‌ಬೋರ್ಡ್‌ನಿಂದ ಎಚ್‌ಟಿಎಂಎಲ್ ರೂಪವನ್ನು ಪಡೆಯಿರಿ. ಅದನ್ನು ಡಾಮ್‌ಪಾರ್ಸರ್‌ನಿಂದ ಓದಿ. ಜೀವಂತ ಪುಟಕ್ಕೆ ಹಾಕಬೇಡಿ. ಪ್ರತಿ ತುಂಡಿಗೂ ಯಾವ ಫಾಂಟ್ ಅನ್ವಯಿಸುತ್ತದೆಂದು ನೋಡಿ, ಹೆಸರು ನುಡಿಯೆಂದೋ ಬಿಆರ್‌ಎಚ್ ಎಂದೋ ಆರಂಭವಾದರೆ ಆ ತುಂಡಿನ ಅಕ್ಷರಗಳನ್ನು ಮಾತ್ರ ಯೂನಿಕೋಡ್‌ಗೆ (ಪ್ರತಿ ಲಿಪಿಯ ಅಕ್ಷರಕ್ಕೂ ಅದರದೇ ಸಂಕೇತವಿರುವ ವ್ಯವಸ್ಥೆಗೆ) ಪರಿವರ್ತಿಸಿ. ಆಮೇಲೆ ಸೋಸಿ. ಇಡೀ ದಾಖಲೆಯನ್ನು ಒಟ್ಟಿಗೆ ಪರಿವರ್ತಿಸಿದರೆ ನಡುವೆ ಬೇರೆ ಫಾಂಟ್‌ನಲ್ಲಿದ್ದ ಇಂಗ್ಲಿಷ್ ಪದಗಳು, ಇಮೇಲ್ ವಿಳಾಸಗಳು ಅರ್ಥವಿಲ್ಲದ ಕನ್ನಡವಾಗುತ್ತವೆ. ಪರಿವರ್ತನೆಯ ಕೋಷ್ಟಕವನ್ನು ನೀವೇ ಕೂತು ಬರೆಯಬೇಕಿಲ್ಲ, ಮುಕ್ತ ತಂತ್ರಾಂಶವಾಗಿ ಪರಿವರ್ತಕಗಳು ಸಿಗುತ್ತವೆ. ಅರ್ಕಾವತ್ತು ಮತ್ತು ಎರಡು ಒತ್ತು ಬರುವ ಪದಗಳನ್ನು ಕೊಟ್ಟು ಪರೀಕ್ಷಿಸಿ: ಮಾರ್ಗ, ಸ್ವಾತಂತ್ರ್ಯ, ಲಕ್ಷ್ಮಿ. ದರದ ಅಂಕಿಗಳನ್ನು ಕಣ್ಣಿನಿಂದಲೇ ನೋಡಿ.

ಕೆಲವೊಮ್ಮೆ ಫಾಂಟ್ ಹೆಸರು ಬರುವುದೇ ಇಲ್ಲ, ನೋಟ್‌ಪ್ಯಾಡ್ ದಾಟಿ ಬಂದಿರುತ್ತದೆ. ಕನ್ನಡದ ಯೂನಿಕೋಡ್ ಅಕ್ಷರ ಒಂದೂ ಇಲ್ಲದೆ, ಆ ಓರೆಗೆರೆಯ ಎ ಮೇಲಿಂದ ಮೇಲೆ ಕಂಡರೆ ನಾನು ಪರಿವರ್ತಿಸಿ ಪಕ್ಕದಲ್ಲಿ ತೋರಿಸಿ, “ಇದು ಸರಿಯೇ?” ಎಂದು ಕೇಳುತ್ತೇನೆ. ಕೇಳದೆ ಬದಲಿಸುವುದಿಲ್ಲ.

ವರ್ಡ್ ತರುವ ಉಳಿದ ಕಸ, ಅಂದರೆ ಎಂಎಸ್‌ಓ ಎಂದು ಆರಂಭವಾಗುವ ಸ್ಟೈಲ್‌ಗಳು, ಓ-ಪಿ ಟ್ಯಾಗ್‌ಗಳು, ಷರತ್ತಿನ ಕಾಮೆಂಟ್‌ಗಳು ಪಟ್ಟಿಯ ಜರಡಿಯಲ್ಲಿ ತಾವಾಗಿಯೇ ಉದುರುತ್ತವೆ.

ಕಾಣದ ಅಕ್ಷರ

ಶುಚಿ ಮಾಡುವ ಉತ್ಸಾಹದಲ್ಲಿ ಕೆಲವು ಲೈಬ್ರರಿಗಳು “ಕಾಣದ ಅಕ್ಷರಗಳನ್ನು” ಸಾರಾಸಗಟಾಗಿ ಅಳಿಸುತ್ತವೆ. ಇಂಗ್ಲಿಷ್‌ಗೆ ಅದರಿಂದ ನಷ್ಟವಿಲ್ಲ. ಕನ್ನಡದಲ್ಲಿ ಯು+200ಸಿ ಎಂಬ ಕಾಣದ ಸಂಕೇತ ಹೋದರೆ ‘ಗಂಜ್‌ನಲ್ಲಿ’ ಎಂಬುದು ‘ಗಂಜ್ನಲ್ಲಿ’ ಆಗುತ್ತದೆ. ಯು+200ಡಿ ಹೋದರೆ ‘ರ‍್ಯಾಲಿ’ಯ ಆಕಾರ ಕೆಟ್ಟು ಅರ್ಕಾವತ್ತು ಮೂಡುತ್ತದೆ. ಇವೆರಡನ್ನೂ ಉಳಿಸಿಕೊಳ್ಳಿ. ಯು+200ಬಿ (ಅಗಲವಿಲ್ಲದ ಖಾಲಿ ಜಾಗ) ಮತ್ತು ಪಠ್ಯದ ಆರಂಭದ ಬಿಓಎಂ (ಸಂಕೇತಗಳ ಕ್ರಮ ತಿಳಿಸುವ ಕಾಣದ ಗುರುತು) ಹೋಗಲಿ. ಹುಡುಕಾಟಕ್ಕೆ ಮಾತ್ರ ಇವು ಅಡ್ಡಿ, ಏಕೆಂದರೆ ಹುಡುಕುವವರು ಆ ಸಂಕೇತವಿಲ್ಲದೆಯೂ ಟೈಪ್ ಮಾಡುತ್ತಾರೆ. ಹುಡುಕಾಟಕ್ಕೆಂದು ಬೇರೆ ಕಂಬದಲ್ಲಿ ಈ ಸಂಕೇತಗಳನ್ನೂ ಟ್ಯಾಗ್‌ಗಳನ್ನೂ ತೆಗೆದ ಪ್ರತಿ ಇಡಿ, ಮೂಲವನ್ನು ಮುಟ್ಟಬೇಡಿ.

ಉರ್ದು ಸಾಲುಗಳು, ಸಾಲಿನ ಎತ್ತರ

ಪ್ರತಿ ಪ್ಯಾರಾಕ್ಕೂ ಡಿರ್ ಬೆಲೆಯನ್ನು ಆಟೊ ಎಂದು ಕೊಟ್ಟರೆ ಮೊದಲ ಅಕ್ಷರದ ಲಿಪಿ ನೋಡಿ ಬ್ರೌಸರ್ ತಾನೇ ದಿಕ್ಕು ನಿರ್ಧರಿಸುತ್ತದೆ. ಕನ್ನಡ ವಾಕ್ಯದ ನಡುವೆ ಉರ್ದು ಹೆಸರು ಬಂದು ಅದರ ಬೆನ್ನಿಗೆ ಅಂಕಿ ಬಂದರೆ ಅಂಕಿ ಹೆಸರಿನ ಆಚೆ ಬದಿಗೆ ಜಿಗಿಯುತ್ತದೆ. ಇಂಥ ಹೆಸರುಗಳನ್ನು ಅಪ್ಲಿಕೇಶನ್ ತಾನೇ ಹಾಕುವ ಕಡೆ, ಒಳಗಿನ ಬರಹದ ದಿಕ್ಕನ್ನು ಪ್ರತ್ಯೇಕಿಸುವ ಬಿಡಿಐ ಟ್ಯಾಗ್‌ನೊಳಗೆ ಇಡಿ. ಪುಟದ ಸ್ಟೈಲ್ ಬರೆಯುವ ಸಿಎಸ್‌ಎಸ್‌ನಲ್ಲಿ ಎಡ-ಬಲ ಎಂದು ಬರೆಯುವ ಬದಲು ಇನ್‌ಲೈನ್-ಸ್ಟಾರ್ಟ್ ಎಂದು ಬರೆದರೆ ಪಟ್ಟಿಯ ಚುಕ್ಕೆಗಳು ಎರಡೂ ಭಾಷೆಯಲ್ಲಿ ಸರಿಯಾದ ಬದಿಯಲ್ಲಿ ನಿಲ್ಲುತ್ತವೆ.

ಲೈನ್-ಹೈಟ್ 1.2 ಇಟ್ಟು ಓವರ್‌ಫ್ಲೋ ಮುಚ್ಚಿದರೆ ಒತ್ತಕ್ಷರದ ಬಾಲ ಕತ್ತರಿಸಿಹೋಗುತ್ತದೆ. ಕನ್ನಡಕ್ಕೆ 1.6ರಿಂದ 1.7 ಹದವಾಗಿರುತ್ತದೆ, ಉರ್ದು ನಸ್ತಾಲಿಕ್ ಎಂಬ ಓರೆಯಾಗಿ ಇಳಿಯುವ ಬರವಣಿಗೆ ಶೈಲಿಯಲ್ಲಿದ್ದರೆ ಇನ್ನೂ ಹೆಚ್ಚು ಬೇಕು. ಫಾಂಟ್ ಸಾಲಿನಲ್ಲಿ ನೋಟೊ ಸ್ಯಾನ್ಸ್ ಕನ್ನಡ ಮೊದಲು, ವಿಂಡೋಸ್‌ಗೆ ನಿರ್ಮಲಾ ಯುಐ, ಹಳೆಯ ಯಂತ್ರಗಳಿಗೆ ತುಂಗಾ. ದಪ್ಪಕ್ಷರದ ನಿಜವಾದ ಫೈಲನ್ನೂ ಕಳಿಸಿ. ಇಲ್ಲದಿದ್ದರೆ ಬ್ರೌಸರ್ ಕೃತಕವಾಗಿ ದಪ್ಪ ಮಾಡಿ ‘ಠ’ ‘ಥ’ಗಳ ಹೊಟ್ಟೆಯ ಚುಕ್ಕೆ ತುಂಬಿಹೋಗುತ್ತದೆ.

ಉಳಿಸುವುದು, ಕಳಿಸುವುದು

ಬೇಸಿಗೆಯಲ್ಲಿ 40 ಡಿಗ್ರಿ ದಾಟಿದ ಮಧ್ಯಾಹ್ನ ಕರೆಂಟ್ ಹೋಗಿ, ಅಂಗಡಿಯ ರೂಟರ್ ಸತ್ತು, ಗುಮಾಸ್ತರು ಬರೆಯುತ್ತಲೇ ಇರುತ್ತಾರೆ. ಆದ್ದರಿಂದ ಕರಡು ಮೊದಲು ಬ್ರೌಸರ್‌ನ ಲೋಕಲ್‌ಸ್ಟೋರೇಜ್‌ನಲ್ಲಿ ಉಳಿಯಲಿ. ಅಲ್ಲಿ ಸುಮಾರು 5 ಎಂಬಿ ಜಾಗವಿರುತ್ತದೆ, ಪಠ್ಯಕ್ಕೆ ಧಾರಾಳ. ಸಂಪರ್ಕ ಬಂದಾಗ ಸರ್ವರ್‌ಗೆ ಹೋಗಲಿ. ಒಂದೇ ಪ್ರಕಟಣೆಯನ್ನು ಅಂಗಡಿಯಲ್ಲಿ ಒಬ್ಬರು, ಮನೆಯಿಂದ ಮಾಲೀಕರು ತಿದ್ದುತ್ತಿದ್ದರೆ ಕೊನೆಗೆ ಒತ್ತಿದವರದ್ದು ಉಳಿದು ಮೊದಲಿನವರದ್ದು ಅಳಿಯುತ್ತದೆ. ಪ್ರತಿ ದಾಖಲೆಗೂ ಆವೃತ್ತಿ ಗುರುತು ಇಟ್ಟು, ಉಳಿಸುವಾಗ ಇಫ್-ಮ್ಯಾಚ್ ಹೆಡರ್‌ನಲ್ಲಿ ಕಳಿಸಿ. ಗುರುತು ಹಳೆಯದಾಗಿದ್ದರೆ ಸರ್ವರ್ 412 (ಷರತ್ತು ಈಡೇರಿಲ್ಲ) ಎಂದು ತಿರಸ್ಕರಿಸಲಿ. ಆಗ ಎರಡೂ ಪ್ರತಿಗಳನ್ನು ಅಕ್ಕಪಕ್ಕ ತೋರಿಸಿ. ಯಾರದ್ದು ಉಳಿಯಬೇಕೆಂದು ಅವರವರೇ ಫೋನ್‌ನಲ್ಲಿ ಮಾತಾಡಿಕೊಳ್ಳುತ್ತಾರೆ.

ಪಟ್ಟಿ ಚಿಕ್ಕದಾಗಿಟ್ಟಿದ್ದರ ಲಾಭ ಪ್ರಕಟಣೆ ಬೇರೆ ದಾರಿಯಲ್ಲಿ ಹೊರಡುವಾಗ ಗೊತ್ತಾಗುತ್ತದೆ. ವಾಟ್ಸ್‌ಆಪ್‌ಗೆ ಕಳಿಸಲು ಸ್ಟ್ರಾಂಗ್ ಇದ್ದಲ್ಲಿ ಎರಡೂ ಬದಿಗೆ ನಕ್ಷತ್ರ ಚಿಹ್ನೆ, ಎಲ್‌ಐ ಇದ್ದಲ್ಲಿ ಸಾಲಿನ ಮೊದಲಿಗೊಂದು ಅಡ್ಡಗೆರೆ, ಎಚ್3ಗೆ ಮೇಲೊಂದು ಖಾಲಿ ಸಾಲು. ಅಷ್ಟು ಮಾಡುವ ಫಂಕ್ಷನ್ ಒಂದು ಪರದೆ ತುಂಬುವುದಿಲ್ಲ. ಎಸ್‌ಎಂಎಸ್ ಆದರೆ ಕನ್ನಡಕ್ಕೆ ಒಂದು ಸಂದೇಶದಲ್ಲಿ 70 ಸಂಕೇತ ಮಾತ್ರ, ಉದ್ದವಾಗಿ ಒಡೆದು ಕಳಿಸಿದರೆ ತುಂಡಿಗೆ 67. ಇಡೀ ಪ್ರಕಟಣೆ ಕಳಿಸಿ ಬಿಲ್ ಏರಿಸುವ ಬದಲು ಮಾದರಿ ದರ ಮತ್ತು ಕೊಂಡಿ ಸಾಕು.

ಮುದ್ರಣಕ್ಕೆ ಪ್ರತ್ಯೇಕ ಸ್ಟೈಲ್ ಬರೆಯಿರಿ, ಏಕೆಂದರೆ ಈ ಪ್ರಕಟಣೆ ಅಂಗಡಿಯ ಬಾಗಿಲಿಗೂ ಅಂಟುತ್ತದೆ. ಟೂಲ್‌ಬಾರ್, ಮೆನುಗಳನ್ನು ಮರೆಮಾಡಿ, ಕೋಷ್ಟಕದ ಸಾಲು ಎರಡು ಪುಟಕ್ಕೆ ಒಡೆಯದಂತೆ ಬ್ರೇಕ್-ಇನ್‌ಸೈಡ್ ತಡೆಯಿರಿ, ತಲೆಸಾಲನ್ನು ಟಿಹೆಡ್‌ನೊಳಗೆ ಇಡಿ. ಆಗ ಪುಟ ಬದಲಾದಾಗ ಅದು ಮತ್ತೆ ಬರುತ್ತದೆ. ಗಂಜ್‌ನ ಬಹುತೇಕ ಅಂಗಡಿಗಳಲ್ಲಿ ಇರುವುದು ಕಪ್ಪು ಬಿಳುಪಿನ ಪ್ರಿಂಟರ್. ದರ ಏರಿದ್ದನ್ನು ಹಸಿರಿನಿಂದ, ಇಳಿದದ್ದನ್ನು ಕೆಂಪಿನಿಂದ ತೋರಿಸಿದ್ದರೆ ಕಾಗದದ ಮೇಲೆ ಎರಡೂ ಒಂದೇ ಬೂದು ಬಣ್ಣವಾಗುತ್ತವೆ. ಪಕ್ಕದಲ್ಲಿ ಮೇಲ್ಮುಖ, ಕೆಳಮುಖ ಬಾಣವನ್ನೂ ಹಾಕಿ.